ಟವಲ್ಲು ಮೊದಲು, ಟೊಮೆಟೊ ಆಮೇಲೆ

ಟೊಮೆಟೊ, ಅರಿಶಿನದ ಹೆಸರು ಹೇಳಿ ಬಿಸಿಲಿನ ಕ್ರೀಮು ಮಾರುವುದು ಈಗ ಜೋರಾಗಿದೆ. ದಿನವಿಡೀ ಹೊಲದಲ್ಲಿರುವ ನಾವು ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಬೇಕು.

ಬಿಸಿಲಿನ ನೇರಳಾತೀತ ಕಿರಣ ಚರ್ಮದ ಜೀವಕೋಶಗಳನ್ನು ಕೆಡಿಸುತ್ತದೆ. ಆ ಹಾನಿಯನ್ನು ತಗ್ಗಿಸುವ ಆಂಟಿಆಕ್ಸಿಡೆಂಟ್‌ಗಳನ್ನು ಗಿಡಗಳು ತಮಗಾಗಿ ತಾವೇ ಮಾಡಿಕೊಳ್ಳುತ್ತವೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಅಂಥದ್ದು.

ಇದು ಸುಳ್ಳಲ್ಲ. 2001ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಕೆಲವರು ದಿನಾ 40 ಗ್ರಾಂ ಟೊಮೆಟೊ ಪೇಸ್ಟನ್ನು ಎಣ್ಣೆ ಜೊತೆ ತಿಂದರು. 10 ವಾರವಾದ ಮೇಲೆ ಕಿರಣಕ್ಕೆ ಅವರ ಚರ್ಮ ಕೆಂಪಾಗುವುದು ತಿನ್ನದವರಿಗಿಂತ ಶೇ. 40ರಷ್ಟು ಕಡಿಮೆ ಇತ್ತು. ಆದರೆ 4ನೇ ವಾರದಲ್ಲಿ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಅಂದರೆ ಇದು ನಿಧಾನದ ಸಹಾಯ, ಪೂರ್ತಿ ರಕ್ಷಣೆ ಅಲ್ಲ. ಕ್ರೀಮಿನಲ್ಲೂ ಕಿರಣ ತಡೆಯುವುದು ಸತುವಿನ ಆಕ್ಸೈಡಿನಂಥ ವಸ್ತು, ಡಬ್ಬಿ ಮೇಲಿನ ಟೊಮೆಟೊ ಚಿತ್ರ ಅಲ್ಲ.

ಕಪ್ಪು ಮೈಗೆ ಬಿಸಿಲು ಏನೂ ಮಾಡಲ್ಲ ಅನ್ನುವವರಿದ್ದಾರೆ. ಕಣ್ಣಿಗೆ ಪೊರೆ ಬರಲು ಇದೇ ಕಿರಣವೂ ಒಂದು ಕಾರಣ. ಕಣ್ಣಿಗೆ ಮೈಬಣ್ಣದ ಲೆಕ್ಕ ಇಲ್ಲ.

ತಲೆಗೆ ಟವಲ್ಲು, ತುಂಬುತೋಳಿನ ಅಂಗಿ, 11ರಿಂದ 3ರವರೆಗೆ ನೆರಳು, ಇಷ್ಟು ಮೊದಲು ಆಗಲಿ. ಕಳೆ ಕೀಳಲು ಬರುವ ಹೆಂಗಸರಿಗೂ ಆ ಬಿಡುವು ಕೊಡಬೇಕು, ಕೂಲಿ ಹಿಡಿಯಬಾರದು. ಬೆಳಿಗ್ಗೆ ಬೇಗ ಶುರು ಮಾಡಿದರೆ ಕೆಲಸ ನಿಲ್ಲಲ್ಲ. ರೇಟು ಬಿದ್ದ ಟೊಮೆಟೊ ರಸ್ತೆಗೆ ಸುರಿಯುವ ಮೊದಲು ನಾಲ್ಕು ಮನೆಗೆ ಹಂಚಿ. ಎಣ್ಣೆಯಲ್ಲಿ ಬೇಯಿಸಿದ ಗೊಜ್ಜಿನಿಂದ ಲೈಕೋಪಿನ್ ಮೈಗೆ ಚೆನ್ನಾಗಿ ಹತ್ತುತ್ತದೆ.