ಸಾಕ್ಷಿಯ ‘ಇಲ್ಲ’ವೇ ಕೊನೆಯ ಮಾತಲ್ಲ

‘ಆರೋಪಿಯ ಮನೆತನಕ್ಕೂ ನಿಮ್ಮ ಮನೆತನಕ್ಕೂ ಹಳೇ ವೈರವಿದೆಯಲ್ಲವೇ?’ ಪಾಟೀಸವಾಲಿನಲ್ಲಿ ಈ ಪ್ರಶ್ನೆಗೆ ಸಾಕ್ಷಿ ‘ಇಲ್ಲ’ ಎಂದರೆ ವಿಷಯ ಅಲ್ಲಿಗೇ ಮುಗಿಯಿತೇ? ಮುಗಿಯಬೇಕಿಲ್ಲ ಎನ್ನುತ್ತದೆ ನಮ್ಮ ಕಾನೂನು.

ಸಾಕ್ಷಿಯ ನಡತೆಯನ್ನಷ್ಟೇ ಕೆದಕುವ ಪ್ರಶ್ನೆಗೆ ಬಂದ ಉತ್ತರವನ್ನು ಬೇರೆ ಪುರಾವೆ ತಂದು ಅಲ್ಲಗಳೆಯಲು ಸಾಮಾನ್ಯವಾಗಿ ಅವಕಾಶವಿಲ್ಲ. ಇಲ್ಲವಾದರೆ ಮೂಲ ಮೊಕದ್ದಮೆ ಬದಿಗೆ ಸರಿದು, ಸಾಕ್ಷಿಯ ಬದುಕೇ ವಿಚಾರಣೆಗೆ ನಿಲ್ಲುತ್ತದೆ. ಆದರೆ ನಿಷ್ಪಕ್ಷಪಾತದ ಪ್ರಶ್ನೆ ಬಂದಾಗ 1872ರ ಸಾಕ್ಷ್ಯ ಕಾಯ್ದೆಯ 153ನೇ ಕಲಂ ವಿನಾಯಿತಿ ಕೊಟ್ಟಿತ್ತು. ಕುಟುಂಬ ವೈರವನ್ನೇ ಉದಾಹರಣೆಯಾಗಿ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ 156ನೇ ಕಲಮಿನಲ್ಲಿ ಅದನ್ನು ಉಳಿಸಿಕೊಂಡಿದೆ.

ಇದು ಅಗತ್ಯವಾದ ರಕ್ಷಣೆ. ಜಮೀನಿನ ಗಡಿ ತಕರಾರು, ಪಂಚಾಯಿತಿ ಚುನಾವಣೆಯ ಜಿದ್ದು, ಸಾಲದ ಹಂಗು ಸಾಕ್ಷಿಯ ನಾಲಿಗೆಯನ್ನು ವಾಲಿಸಬಲ್ಲವು. ಹಳೆಯ ದೂರು, ಸಿವಿಲ್ ದಾವೆಯ ಕಡತ, ಸಾಲಪತ್ರಗಳು ಆ ವಾಲುವಿಕೆಯನ್ನು ಬಯಲಿಗಿಡುತ್ತವೆ.

ಆದರೆ ದ್ವೇಷವಿದೆ, ನಂಟಿದೆ ಎಂದ ಮಾತ್ರಕ್ಕೆ ಹೇಳಿದ್ದೆಲ್ಲ ಸುಳ್ಳಾಗದು. ಆರೋಪಿಯೊಂದಿಗೆ ವೈರವಿಲ್ಲದ, ಸಂತ್ರಸ್ತರ ಹತ್ತಿರದ ಬಂಧು ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯನ್ನು ಸಿಲುಕಿಸುವುದು ವಿರಳ ಎಂದು 1953ರ ದಲೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೈರವಿದ್ದಲ್ಲಿ ಎಚ್ಚರ ಬೇಕು, ತಿರಸ್ಕಾರವಲ್ಲ. ಒಲವು-ದ್ವೇಷಗಳ ಪುರಾವೆಯನ್ನು ವಿಚಾರಣಾ ನ್ಯಾಯಾಲಯಗಳು ಕಾಲಹರಣವೆಂದು ತಳ್ಳದೆ, ತಾಳ್ಮೆಯಿಂದ ಕೇಳಿ ತೂಗಬೇಕು. ಒಬ್ಬ ಮನುಷ್ಯನ ಸ್ವಾತಂತ್ರ್ಯ ಆ ತಕ್ಕಡಿಯಲ್ಲಿದೆ.