ಲ್ಯಾಪ್‌ಟಾಪಿನ ಒಳಗಣ ಧೂಳು

ಮೈಸೂರಿನ ಮನೆಗಳಲ್ಲಿ ಆಯುಧಪೂಜೆಯ ದಿನ ವಾಹನ, ಕತ್ತರಿ, ಹೊಲಿಗೆಯಂತ್ರಗಳ ಸಾಲಿನಲ್ಲಿ ಈಗ ಲ್ಯಾಪ್‌ಟಾಪೂ ಕುಳಿತಿರುತ್ತದೆ. ಮೈ ಒರೆಸಿ, ಕುಂಕುಮವಿಟ್ಟು, ಹೂವೇರಿಸುತ್ತೇವೆ. ಆ ಕುಂಕುಮದ ಪುಡಿ ಗಾಳಿಕಿಂಡಿಯೊಳಗೆ ಬೀಳದಂತೆ ನೋಡಿಕೊಳ್ಳುವವರು ಕಡಮೆ; ಒಳಗೆ ವರ್ಷಗಳಿಂದ ಕುಳಿತ ಧೂಳನ್ನು ಕಂಡವರು ಇನ್ನೂ ಕಡಮೆ.

2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಪರದೆಗೆ ಬಂದಾಗ, ಅನೇಕ ಗೃಹಸ್ಥರು ಮಕ್ಕಳಿಗಾಗಿ ಬೇರೆಯವರು ಬಳಸಿದ ಲ್ಯಾಪ್‌ಟಾಪುಗಳನ್ನು ಕೊಂಡು ತಂದರು. ಈಗ ಅವುಗಳಿಗೆ ವಯಸ್ಸಾಗಿದೆ. ಗುಂಡಿ ಒತ್ತಿದರೆ ಏಳುವುದಿಲ್ಲ; ಎದ್ದರೆ ಫ್ಯಾನು ಮೊರೆಯುತ್ತದೆ; ಅರ್ಧ ಪಾಠದಲ್ಲಿಯೇ ಯಂತ್ರ ಆರಿಹೋಗುತ್ತದೆ. ಹೊಸದಕ್ಕೆ ಸಾಲ ಮಾಡುವ ಮುನ್ನ ಹಳೆಯದನ್ನು ಕ್ರಮವಾಗಿ ಪರೀಕ್ಷಿಸುವುದು ವಿವೇಕ.

ಮೊದಲು ವಿದ್ಯುತ್ತು ಬರುವ ದಾರಿಯನ್ನು ನೋಡತಕ್ಕದ್ದು. ಹಳೆಯ ಯಂತ್ರದೊಡನೆ ಬಂದ ಚಾರ್ಜರು ಅದರದೇ ಆಗಿರಬೇಕೆಂದಿಲ್ಲ. ಚಾರ್ಜರಿನ ಮೇಲೆ ಅಚ್ಚಾಗಿರುವ ವೋಲ್ಟು ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿರುವುದಕ್ಕೆ ಸರಿಹೊಂದಬೇಕು; ವ್ಯಾಟು ಅದಕ್ಕಿಂತ ಕಡಮೆಯಾಗಿರಬಾರದು. ಅದು ಸರಿಯಿದ್ದರೆ ಚಾರ್ಜರನ್ನು ಕಳಚಿ, ಬ್ಯಾಟರಿ ಸುಲಭವಾಗಿ ಹೊರಬರುವಂತಿದ್ದರೆ ಅದನ್ನೂ ತೆಗೆದು, ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗುಳಿದ ವಿದ್ಯುತ್ತು ಹರಿದುಹೋಗಿ ಎಷ್ಟೋ ಯಂತ್ರಗಳು ಮರಳಿ ಏಳುತ್ತವೆ. ದೀಪ ಹತ್ತಿದರೂ ಪರದೆ ಕಪ್ಪಾಗಿಯೇ ಇದ್ದರೆ ರ‍್ಯಾಮ್ ಸಡಿಲವಾಗಿರಬಹುದು. ಪ್ರತಿ ಸಲವೂ ತಾರೀಖು ತಪ್ಪಿಹೋಗುತ್ತಿದ್ದರೆ, ನಾಣ್ಯದಾಕಾರದ 3 ವೋಲ್ಟಿನ ಚಿಕ್ಕ ಬ್ಯಾಟರಿ ಸೋತಿದೆಯೆಂದು ತಿಳಿಯಬಹುದು.

ಇನ್ನು ಫ್ಯಾನಿನ ಸಂಗತಿ. ಪ್ರೊಸೆಸರಿನ ಬಿಸಿಯು ತಾಮ್ರದ ಕೊಳವೆಯ ಮೂಲಕ ತೆಳುವಾದ ಲೋಹದ ಹಾಳೆಗಳಿಗೆ ಹರಿಯುತ್ತದೆ. ಫ್ಯಾನು ಅವುಗಳ ನಡುವೆ ಗಾಳಿಯೂದಿ ಬಿಸಿಯನ್ನು ಹೊರದೂಡುತ್ತದೆ. ಧೂಳೂ ಬಟ್ಟೆಯ ನಾರೂ ಸೇರಿ ಅಲ್ಲಿ ಕಂಬಳಿಯಂತೆ ಹಬ್ಬಿದರೆ ಗಾಳಿಗೆ ದಾರಿಯಿಲ್ಲ. ಬಿಸಿಯು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಸುಟ್ಟುಹೋಗದಿರಲೆಂದು ಯಂತ್ರವು ತಾನಾಗಿಯೇ ಆರುತ್ತದೆ. ಫ್ಯಾನು ತಿರುಗದಿದ್ದರೆ ಕೆಲವು ಯಂತ್ರಗಳು ಆರಂಭದಲ್ಲಿಯೇ ಸೂಚನೆ ತೋರಿಸಿ ನಿಂತುಬಿಡುತ್ತವೆ.

ಶುಚಿಗೊಳಿಸುವಾಗ ವಿದ್ಯುತ್ತನ್ನು ಪೂರ್ಣವಾಗಿ ಕಳಚಿ, ಫ್ಯಾನಿನ ಎಲೆ ತಿರುಗದಂತೆ ಕಡ್ಡಿಯಿಂದ ತಡೆದು, ಒಣ ಕುಂಚದಿಂದ ಧೂಳು ತೆಗೆಯಬೇಕು. ಬಾಯಿಂದ ಊದಿದರೆ ತೇವ ಸೇರುತ್ತದೆ. ಬಿಚ್ಚಲು ಧೈರ್ಯವಿಲ್ಲದವರು ದುರಸ್ತಿಗಾರರಿಗೆ ಒಪ್ಪಿಸಿ, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟನ್ನೂ ಬದಲಿಸಲು ಹೇಳುವುದು ಉಚಿತ. ಧೂಳು ತೆಗೆದ ಮೇಲೂ ಕರಕರ ಸದ್ದು ನಿಲ್ಲದಿದ್ದರೆ ಬೇರಿಂಗು ಸವೆದಿರುತ್ತದೆ, ಫ್ಯಾನನ್ನೇ ಬದಲಿಸಬೇಕು. ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸವನ್ನೂ ಮಕ್ಕಳಿಗೆ ಬಿಡಿಸಬೇಕು; ಅಡಿಯ ಗಾಳಿಕಿಂಡಿಯನ್ನು ಹಾಸಿಗೆಯೇ ಮುಚ್ಚುತ್ತದೆ.

ಎರಡು ಲಕ್ಷಣಗಳನ್ನು ಮಾತ್ರ ಅಲಕ್ಷಿಸಲಾಗದು. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಆ ಕ್ಷಣವೇ ಚಾರ್ಜು ನಿಲ್ಲಿಸಬೇಕು. ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನ. ಹಾರ್ಡ್‌ಡಿಸ್ಕಿನಿಂದ ಟಕ್‌ಟಕ್ ಸದ್ದು ಬಂದರೆ ಮತ್ತೆ ಮತ್ತೆ ಚಾಲೂ ಮಾಡಕೂಡದು. ಉಳಿದ ದುರಸ್ತಿಗೆ ಮೊದಲು ಅದರಲ್ಲಿರುವುದನ್ನು ನಕಲು ಮಾಡಿಸಬೇಕು.

ಫ್ಯಾನು ಪೇಟೆಯಲ್ಲಿ ಸಿಕ್ಕೀತು, ಚಾರ್ಜರೂ ಸಿಕ್ಕೀತು. ತೀರಿಕೊಂಡ ಹಿರಿಯರ ಭಾವಚಿತ್ರ, ಮಗಳು ವರ್ಷವಿಡೀ ಬರೆದ ಪ್ರಬಂಧ ಯಾವ ಅಂಗಡಿಯಲ್ಲಿಯೂ ಸಿಗಲಾರವು. ಯಂತ್ರ ಚೆನ್ನಾಗಿ ನಡೆಯುತ್ತಿರುವ ದಿನವೇ ಅವುಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡುವುದು ಮನೆಯ ಹಿರಿಯರು ವಹಿಸಿಕೊಳ್ಳಬೇಕಾದ ಕೆಲಸ.