ಬಗ್ಗಡದಲ್ಲಿ ಬರುವ ಗರಿಕೆ

ಚೌತಿಯ ಮುನ್ನಾದಿನ ಮುಂಬಯಿಯ ದಾದರಿನ ಹೂಮಾರುಕಟ್ಟೆಯಲ್ಲಿ ಗರಿಕೆಯದೇ ರಾಶಿ. ಮರಾಠಿಯವರ ಬಾಯಲ್ಲಿ ಅದು ದೂರ್ವಾ, 21 ಎಸಳಿಗೆ ಒಂದು ಜೂಡಿ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಶಿವಾಜಿ ಪಾರ್ಕಿನಲ್ಲಿ ಮಾತ್ರ ಇದೇ ಗರಿಕೆ ನೆಲ ಹಿಡಿಯಲು ಹೆಣಗುತ್ತಿದೆ. 1925ರಲ್ಲಿ ಜನರಿಗೆ ತೆರೆದ, ಸುಮಾರು 28 ಎಕರೆಯ ಮೈದಾನ ಅದು. ಚಳಿಗಾಲ ಬಂತೆಂದರೆ ಅಲ್ಲಿನ ಕೆಂಪುಮಣ್ಣು ಧೂಳಾಗಿ ಎದ್ದು ಸುತ್ತಲಿನ ಮನೆಗಳ ಕಿಟಕಿ ಹೊಗುತ್ತದೆ. ಮಣ್ಣನ್ನೇ ಕೆರೆದು ತೆಗೆಯಬೇಕೋ, ಮೇಲೆ ಹುಲ್ಲು ಬೆಳೆಸಬೇಕೋ ಎಂಬ ಚರ್ಚೆ ವರ್ಷಗಳಿಂದ ನಡೆದಿದೆ.

ಮಾಟುಂಗದ ಗೆಳೆಯರೊಬ್ಬರ ಮಗ ಕೊಲ್ಲಿಯಿಂದ ರಜೆಗೆ ಬಂದವನು, ಒಂದು ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಕೇಳಿದ: "ಅಲ್ಲಿ ಮರಳಿನ ಮೇಲೇ ಪೈಪಿನಿಂದ ಹುಲ್ಲು ಹೊಡೀತಾರೆ ಅಂಕಲ್. ಇಲ್ಲಿ ಯಾಕಾಗಲ್ಲ?"

ಅವನು ಹೇಳಿದ್ದು ಹೈಡ್ರೋಸೀಡಿಂಗ್. ದೊಡ್ಡ ಟ್ಯಾಂಕಿನಲ್ಲಿ ನೀರು, ಬೀಜ, ಮರದ ನಾರು, ಗೊಬ್ಬರ, ಅಂಟು ಎಲ್ಲವನ್ನೂ ಕದಡಿ ಬಗ್ಗಡ ಮಾಡಿ, ಹದ ಮಾಡಿದ ನೆಲದ ಮೇಲೆ ಎರಚುವ ವಿಧಾನ. 1950ರ ದಶಕದಲ್ಲಿ ಅಮೆರಿಕದ ಹೆದ್ದಾರಿಗಳ ಪಕ್ಕದ ಕಡಿದಾದ ಇಳಿಜಾರುಗಳಿಗಾಗಿ ಹುಟ್ಟಿಕೊಂಡದ್ದು. ಕಾಲಿಡಲಾಗದ ಜಾಗದಲ್ಲಿ ಬಿತ್ತುವುದು ಹೇಗೆ ಎಂಬುದೇ ಅಂದಿನ ಪ್ರಶ್ನೆ. ಎರಚಿದ ದಿನ ಕಾಣುವ ಹಸಿರು ಬಗ್ಗಡಕ್ಕೆ ಬೆರೆಸಿದ ಬಣ್ಣದ್ದು, ಎಲ್ಲಿ ಬಿತ್ತು, ಎಲ್ಲಿ ಬಿಟ್ಟಿತು ಎಂದು ಎರಚುವವನಿಗೆ ತಿಳಿಯಲೆಂದು ಹಾಕಿದ್ದು. ನಿಜವಾದ ಹುಲ್ಲು ಮೊಳೆಯಲು ಒಂದರಿಂದ ಮೂರು ವಾರ ಬೇಕು.

ಈ ಬಗ್ಗಡದಲ್ಲಿ ನಮ್ಮದೇ ಎಷ್ಟಿದೆ ಎಂದು ನೋಡಿದಾಗ ನನಗೆ ರೋಮಾಂಚನವಾಯಿತು. ಬಿಸಿ ಸೀಮೆಗಳಲ್ಲಿ ಬಳಸುವ ಮುಖ್ಯ ಬೀಜ ಬರ್ಮುಡಾ ಗ್ರಾಸ್. ಹೆಸರು ಅಟ್ಲಾಂಟಿಕ್ ದ್ವೀಪದ್ದು, ಗಿಡ ನಮ್ಮ ಗಣಪತಿಯ ಗರಿಕೆ. ಬೀಜ ಎಷ್ಟು ಸಣ್ಣದೆಂದರೆ ಒಂದು ಕಿಲೋದಲ್ಲಿ ಸುಮಾರು 40 ಲಕ್ಷ. ಅಂಟಿಗಾಗಿ ಹೆಚ್ಚಾಗಿ ಹಾಕುವುದು ಗೋರಿಕಾಯಿ ಬೀಜದ ಗೋಂದು ಅಥವಾ ಇಸಬ್ಗೋಲ್. ಒಂದನ್ನು ಪಲ್ಯ ಮಾಡುತ್ತೇವೆ, ಇನ್ನೊಂದನ್ನು ಹೊಟ್ಟೆ ಕಟ್ಟಿದಾಗ ನೀರಿಗೆ ಕದಡಿ ಕುಡಿಯುತ್ತೇವೆ. ಜಗತ್ತಿನ ಗೋರಿಕಾಯಿ ಗೋಂದಿನ ಬಹುಪಾಲು ಭಾರತದ್ದು, ಅದರಲ್ಲೂ ರಾಜಸ್ಥಾನದ್ದು. ಎಳ್ಳಿನಂಥ ಸಣ್ಣ ಕಾಳು ಸಮನಾಗಿ ಬೀಳಲೆಂದು ಮರಳು ಬೆರೆಸಿ ಚೆಲ್ಲುತ್ತಿದ್ದ ನಮ್ಮ ಹಿರಿಯರಿಗೆ ಈ ಟ್ಯಾಂಕಿನ ತರ್ಕ ಒಂದೇ ಮಾತಿಗೆ ಅರ್ಥವಾಗುತ್ತಿತ್ತು.

ಹಾಗಾದರೆ ಶಿವಾಜಿ ಪಾರ್ಕಿಗೆ ಏನು ಅಡ್ಡಿ? ಮೊದಲನೆಯದು ಮಳೆ. ಎರಚಿದ ನಾರು ನೆಲಕ್ಕೆ ಕಚ್ಚಿಕೊಳ್ಳಲು ಸುಮಾರು ಒಂದು ದಿನದ ಒಣಹವೆ ಬೇಕು. ಮುಂಬಯಿಯ ಜುಲೈ ಅಷ್ಟು ಬಿಡುವು ಕೊಡುವುದು ಅಪರೂಪ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಊರಿದು. ಅಷ್ಟು ಬೇಡ, ಅರ್ಧ ಗಂಟೆಯ ಜಡಿಮಳೆ ಸಾಕು, ಬೀಜವೆಲ್ಲ ಗಟಾರಕ್ಕೆ. ಮಳೆ ಮುಗಿದ ಮೇಲೆ ಬಿತ್ತಿದರೆ ನೀರು ನಾವೇ ಉಣಿಸಬೇಕು. ದಿನಕ್ಕೆ ಬರಿಯ 5 ಮಿಲಿಮೀಟರ್ ಎಂದು ಲೆಕ್ಕ ಹಾಕಿದರೂ 28 ಎಕರೆಗೆ ಐದೂವರೆ ಲಕ್ಷ ಲೀಟರಿಗೂ ಹೆಚ್ಚು. ತಲೆಗೆ 135 ಲೀಟರಿನಂತೆ ನಾಲ್ಕು ಸಾವಿರ ಮಂದಿಯ ಒಂದು ದಿನದ ನೀರು ಅದು.

ಎರಡನೆಯದು ಕಾಲು. ಹೈಡ್ರೋಸೀಡಿಂಗ್ ಬೀಜವನ್ನು ಮಣ್ಣಿನೊಳಗೆ ಊರುವುದಿಲ್ಲ, ಮೇಲೆ ಅಂಟಿಸುತ್ತದೆ. ಗಟ್ಟಿಯಾಗಿ ತುಳಿದ ನೆಲವನ್ನು ಮೊದಲು ಸಡಿಲಿಸಬೇಕು, ಆಮೇಲೆ ಬೇರು ಕಚ್ಚುವ ತನಕ ಯಾರೂ ತುಳಿಯಬಾರದು. ಆದರೆ ಆ ಮೈದಾನ ಇರುವುದೇ ತುಳಿಯಲು. ತೆಂಡೂಲ್ಕರ್ ಬ್ಯಾಟು ಹಿಡಿದು ಪಳಗಿದ್ದು ಅಲ್ಲಿ. ದಸರೆಗೆ ರಾಜಕೀಯ ಮೇಳ, ಡಿಸೆಂಬರ್ 6ಕ್ಕೆ ಪಕ್ಕದ ಚೈತ್ಯಭೂಮಿಗೆ, ಅಂಬೇಡ್ಕರರ ಸ್ಮಾರಕಕ್ಕೆ, ಬರುವ ಲಕ್ಷಾಂತರ ಜನ. ದೂರದೂರಿಂದ ಬಂದು ಆ ನೆಲದಲ್ಲಿ ರಾತ್ರಿ ಕಳೆಯುವ ಜನರನ್ನು ಹುಲ್ಲಿನ ಹೆಸರಿನಲ್ಲಿ ಹೊರಗೆ ನಿಲ್ಲಿಸುವ ಯೋಜನೆ ಎಷ್ಟೇ ಹಸಿರಾಗಿದ್ದರೂ ನನಗೆ ಬೇಡ.

ಈ ವಿಧಾನಕ್ಕೆ ಒಗ್ಗುವ ಜಾಗ ನಗರದಲ್ಲೇ ಬೇರೆ ಇವೆ. ಗೋರಾಯಿಯ ಖಾಡಿಯ ದಂಡೆಯಲ್ಲಿ 1972ರಿಂದ ಕಸ ಸುರಿದು ಎದ್ದ ದಿಬ್ಬವನ್ನು 2007ರ ನಂತರ ಮುಚ್ಚಿ, ಮಣ್ಣು ಹೊದಿಸಿ, ಹುಲ್ಲು ಬೆಳೆಸಿದರು. ಅಂಥ ಇಳಿಜಾರಿನಲ್ಲಿ ಕ್ರಿಕೆಟ್ ಆಡುವವರಿಲ್ಲ. ಮಳೆಗೆ ಮಣ್ಣು ಜಾರದಂತೆ ಬೇರು ಹಿಡಿದರೆ ಸಾಕು. ಘಾಟಿಯ ರಸ್ತೆಗಾಗಿ ಕಡಿದ ಮಣ್ಣಿನ ಗೋಡೆಗಳಿಗೂ ಇದೇ ಮಾತು.

ಮೈದಾನಕ್ಕೆ ಇದನ್ನೇ ತರುವುದಾದರೆ ನಾಲ್ಕು ಪಾಲು ಮಾಡಲಿ. ವರ್ಷಕ್ಕೊಂದು ಪಾಲು, ಸೆಪ್ಟೆಂಬರಿನಲ್ಲಿ ಮಳೆ ಸಡಿಲಾದಾಗ ಉತ್ತು, ಎರಚಿ, ಹಗ್ಗ ಕಟ್ಟಲಿ. ಮೈದಾನದಲ್ಲೇ ಇಂಗಿಸಿದ ಮಳೆನೀರನ್ನು ಬೆಳಿಗ್ಗೆ ಸಂಜೆ ತೆಳುವಾಗಿ ಹನಿಸಲಿ. ಉಳಿದ ಮೂರು ಪಾಲು ಆಟಕ್ಕೆ, ಸಭೆಗೆ, ಡಿಸೆಂಬರಿನ ಅತಿಥಿಗಳಿಗೆ ಇರಲಿ. ಗರಿಕೆಗೆ ಬೇಕಾದದ್ದು ಮೊದಲ ಕೆಲವು ವಾರಗಳ ನೀರು ಮತ್ತು ನೆಮ್ಮದಿ. ಒಮ್ಮೆ ಬೇರಿಳಿದ ಮೇಲೆ ಅದು ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಹಗ್ಗದ ಆಚೆಗೂ ತಾನೇ ಹರಿಯುತ್ತದೆ.